ತಾಳಿಕೋಟೆ ಆಟದಲ್ಲಿ ರಾಮರಾಯ ಬಿದ್ದರೂ ಪಡೆ ಓಡುತ್ತಿರಲಿಲ್ಲ

1565ರ ತಾಳಿಕೋಟೆ ಕದನದ ಬೋರ್ಡ್ ಗೇಮ್ ಮಾಡುತ್ತಿದ್ದೆ. ಅಳಿಯ ರಾಮರಾಯನ ಕಾಯಿ ಸೆರೆಸಿಕ್ಕರೂ ವಿಜಯನಗರದ ಪಡೆ ಏನೂ ಆಗದ ಹಾಗೆ ಕಾದಾಡುತ್ತಿತ್ತು. ನಿಜವಾಗಿ ಅವನ ತಲೆ ಹೋದದ್ದೇ ತಡ, ಸೈನ್ಯ ಚೆಲ್ಲಾಪಿಲ್ಲಿಯಾಯಿತು, ಅಲ್ವಾ?

ಕಾಲಾಳು ಕಡಿಮೆ ಮಾಡಿದೆ. ಎದುರು ಪಕ್ಷದ ಸುಲ್ತಾನರ ಫಿರಂಗಿಗೆ ಬಲ ಹೆಚ್ಚಿಸಿದೆ. ಆಟ ಸುಮ್ನೆ ಬೇಗ ಮುಗಿಯಿತು, ಅಷ್ಟೆ. ಇಡೀ ಪಕ್ಷಕ್ಕೆ ಒಂದೇ ಕೆಚ್ಚಿನ ಅಂಕ (ಓಡದೆ ನಿಲ್ಲುವ ಧೈರ್ಯದ ಲೆಕ್ಕ) ಕೊಟ್ಟಿದ್ದೇ ತಪ್ಪು.

ಈಗ ಪ್ರತಿ ಕಾಯಿಗೂ ಕೆಚ್ಚು 9. ರಾಮರಾಯ ಬಿದ್ದರೆ ಅವನ ಕಡೆಯ ಎಲ್ಲ ಕಾಯಿಗೂ ತಕ್ಷಣ 3 ಕಡಿತ. ಸುಲ್ತಾನರಲ್ಲಿ ಒಬ್ಬ ಬಿದ್ದರೆ ಅವನ ಪಡೆಗೆ ಮಾತ್ರ 2. ಆಮೇಲೆ ಒಂದೊಂದು ಕಾಯಿಗೂ ಎರಡು ದಾಳ ಹಾಕಿ. ಮೊತ್ತ ಕೆಚ್ಚಿಗಿಂತ ಜಾಸ್ತಿ ಬಂದರೆ ಕಾಯಿ ಓಟ. ಪಕ್ಕದ್ದಕ್ಕೆ 1 ಕಡಿತ, ಅದಕ್ಕೂ ದಾಳ. ಇದೆಲ್ಲ ಹೊಡೆದಾಟದ ಸುತ್ತಿಗೆ ಮೊದಲೇ ಆಗಬೇಕು. ನಂತರ ಮಾಡಿದರೆ, ಓಡಬೇಕಾದವರೇ ನಾಲ್ಕು ಜನರನ್ನು ಹೊಡೆದು ಹೋಗುತ್ತಾರೆ.