ಕಾಲು ದಣಿದರೆ ಸಾಲದು, ಮೂಗೂ ದಣಿಯಬೇಕು

ಪುಣೆಯಲ್ಲಿ ನಮ್ಮ ಕನ್ನಡದ ಹುಡುಗರು ಈಗ ಎರಡು ಬೆಡ್‌ರೂಮಿನ ಫ್ಲ್ಯಾಟಿಗೇ ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ ನಾಯಿಗಳನ್ನು ತರುತ್ತಿದ್ದಾರೆ. ಆರು ತಿಂಗಳಾಗುವಷ್ಟರಲ್ಲಿ ನನಗೆ ಫೋನು ಬರುತ್ತದೆ. "ಕಾಕು, ದಿನಾ ಒಂದು ತಾಸು ಓಡಿಸ್ತೀನಿ, ಆದ್ರೂ ಸೋಫಾ ಹರಿದು ಹಾಕೇದ." ಎರಡು ತಾಸು ಓಡಿಸಿದರೆ ಸೋಫಾ ಉಳಿಯುತ್ತದೆ ಅಂದುಕೊಂಡಿದ್ದರೆ ಆ ಆಸೆ ಬಿಡಿ. ಓಡಿಸಿದಷ್ಟೂ ನಾಯಿಗೆ ದಮ್ಮು ಜಾಸ್ತಿಯಾಗುತ್ತದೆ. ಮುಂದಿನ ತಿಂಗಳು ಅದಕ್ಕೆ ಮೂರು ತಾಸು ಬೇಕು, ನಿಮಗೆ ಮಂಡಿನೋವು.

ಇವು ಕೆಲಸಕ್ಕೆಂದೇ ಬೆಳೆಸಿದ ನಾಯಿಗಳು. ಜರ್ಮನ್ ಶೆಫರ್ಡ್ ತಳಿಯನ್ನು 1899ರಲ್ಲಿ ಕುರಿ ಕಾಯುವ ನಾಯಿಗಳಿಂದಲೇ ಕಟ್ಟಿದ್ದು. ಲ್ಯಾಬ್ರಡಾರ್ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಬಾಯಲ್ಲಿ ಹಿಡಿದು ತರುವ ನಾಯಿ. ನಮ್ಮ ಬಾಗಲಕೋಟೆ ಕಡೆಯ ಮುಧೋಳ ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿಸಿಕೊಂಡು ಹೋಗುವಂಥದ್ದು. ಹಾಗಾಗಿ ಎಲ್ಲಕ್ಕೂ ಒಂದೇ ಆಟ ಹೊಂದುವುದಿಲ್ಲ. ಲ್ಯಾಬ್ರಡಾರ್‌ಗೆ ದಿನಪತ್ರಿಕೆ ತರುವುದು, ಚಪ್ಪಲಿ ತರುವುದು ಕಲಿಸಿ, ಖುಷಿಯಿಂದ ಮಾಡುತ್ತದೆ. ಮುಧೋಳಕ್ಕೆ ಅದು ಬೇಸರ, ಅದಕ್ಕೆ ಅಟ್ಟಿಸಿಕೊಂಡು ಹೋಗಲು ಏನಾದರೂ ಬೇಕು.

ಊಟದಿಂದ ಶುರು ಮಾಡಿ. ಬಟ್ಟಲಲ್ಲಿ ಸುರಿದರೆ ಎರಡು ನಿಮಿಷದಲ್ಲಿ ಖಾಲಿ. ದಿನದ ಊಟದಲ್ಲಿ ಅರ್ಧವನ್ನಾದರೂ ಅದು ದುಡಿದು ತಿನ್ನಲಿ. ಹಳೇ ಇಡ್ಲಿ ತಟ್ಟೆ ಇದ್ದರೆ ಅದರ ಕುಳಿಗಳಲ್ಲಿ ನಾಲ್ಕು ನಾಲ್ಕು ಕಾಳು ಡಾಗ್ ಫುಡ್ ಹಾಕಿ, ಮೇಲೆ ಒಂದೊಂದು ಚೆಂಡು ಇಡಿ. ಚೆಂಡು ಸರಿಸಿದರೆ ತಿಂಡಿ. ಕೆಲವು ಕುಳಿ ಖಾಲಿ ಬಿಡಿ, ಆಗ ಮೂಗು ಕೆಲಸ ಮಾಡುತ್ತದೆ. ಚೆಂಡು ಮಾತ್ರ ನುಂಗಲಾಗದಷ್ಟು ದೊಡ್ಡದಿರಲಿ. ಇಡ್ಲಿ ತಟ್ಟೆ ಬೇಸರವಾದಾಗ ಹಳೇ ಟವೆಲಿನಲ್ಲಿ ಕಾಳು ಹಾಕಿ ಸುರುಳಿ ಸುತ್ತಿ ಕೊಡಿ, ಇಲ್ಲವೇ ಗೋಣಿಚೀಲದ ಮಡಿಕೆಗಳಲ್ಲಿ ಬಚ್ಚಿಡಿ. ಒಣ ಜೋಳದ ರೊಟ್ಟಿಯ ಚೂರೂ ನಡೆಯುತ್ತದೆ. ದ್ರಾಕ್ಷಿ, ಮನೂಕ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಮೊಮ್ಮಕ್ಕಳ ಕೈ ಮೇಲೆ ಒಂದು ಕಣ್ಣಿರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲವಂಗ ಹುಡುಕುವ ಆಟ. ವಿದೇಶಗಳಲ್ಲಿ ನಾಯಿಗಳ ಮೂಗಿನ ಪಂದ್ಯಗಳೇ ನಡೆಯುತ್ತವೆ, ಅಲ್ಲಿ ಹುಡುಕಿಸುವ ವಾಸನೆಗಳಲ್ಲಿ ಲವಂಗವೂ ಒಂದು. ನಮ್ಮ ಮಸಾಲೆ ಡಬ್ಬಿಯಲ್ಲಿ ಅದಕ್ಕೇನು ಬರವೇ? ಪುಟ್ಟ ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆಸಿ, ಒಳಗೆ ಎರಡು ಲವಂಗ ಹಾಕಿ, ಬಿಗಿಯಾಗಿ ಮುಚ್ಚಿ. ಲವಂಗದ ಎಣ್ಣೆ ಮಾತ್ರ ಬೇಡ, ಅದು ಹೊಟ್ಟೆಗೆ ಹೋದರೆ ಕೆಟ್ಟದ್ದು. ಮೂರು ರಟ್ಟಿನ ಪೆಟ್ಟಿಗೆ ಸಾಲಾಗಿಟ್ಟು, ಒಂದರಲ್ಲಿ ಡಬ್ಬಿಯನ್ನೂ ಅದರ ಪಕ್ಕ ಒಂದು ಚೂರು ಪನೀರನ್ನೂ ಇಡಿ. "ಹುಡುಕು" ಅನ್ನಿ. ಕೆಲವು ದಿನ ಕಳೆದ ಮೇಲೆ ಪನೀರು ಒಳಗಿಡಬೇಡಿ. ಡಬ್ಬಿ ಹುಡುಕಿದ ಮೇಲೆ ನಿಮ್ಮ ಕೈಯಿಂದ, ಡಬ್ಬಿಯ ಹತ್ತಿರವೇ ಕೊಡಿ. ಆಮೇಲೆ ಪೆಟ್ಟಿಗೆ ಬಿಟ್ಟು ದಿಂಬಿನ ಹಿಂದೆ, ಶೂ ರ‍್ಯಾಕಿನ ಕೆಳಗೆ, ಬಾಲ್ಕನಿಯ ತುಳಸಿ ಕುಂಡದ ಪಕ್ಕ.

ಆಗ ಅದರ ಮೂಗನ್ನು ಹತ್ತಿರದಿಂದ ನೋಡಿ. ಒಂದು ಸೆಕೆಂಡಿನಲ್ಲಿ ಹಲವು ಸಲ ಮೂಸುತ್ತದೆ. ಬಿಡುವ ಉಸಿರು ಮೂಗಿನ ಬದಿಯ ಸೀಳುಗಳಿಂದ ಹೊರಹೋಗುತ್ತದೆ, ಹೀಗಾಗಿ ಎದುರಿನ ವಾಸನೆ ಚದುರುವುದಿಲ್ಲ. ವಾಸನೆ ಸಿಕ್ಕ ಕ್ಷಣ ಬಾಲದ ಆಟ ಬದಲಾಗುತ್ತದೆ, ತಲೆ ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ಆಗ ಅದನ್ನು ಕರೆಯಬಾರದು, ಕೈ ತೋರಿಸಬಾರದು, ಸುಮ್ನೆ ನಿಲ್ಲಬೇಕು. ನಮ್ಮ ಮನೆಯವರಿಗೆ ಇದೊಂದು ಇನ್ನೂ ಬಂದಿಲ್ಲ. ಹತ್ತು ನಿಮಿಷ ಹೀಗೆ ಹುಡುಕಿದ ನಾಯಿ ತಾನಾಗಿಯೇ ಹೋಗಿ ಮಲಗುತ್ತದೆ.

ಅಟ್ಟಿಸಿಕೊಂಡು ಹೋಗುವ ಹುಚ್ಚಿರುವ ನಾಯಿಗೆ ಬಿದಿರು ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಸೀರೆಯ ಗಂಟು ಕಟ್ಟಿ ಮಣ್ಣಿನ ನೆಲದಲ್ಲಿ ಆಡಿಸಿ. ಟೈಲ್ಸ್ ಮೇಲೆ ಬೇಡ, ಜಾರಿದರೆ ಕೀಲು ಹಾಳು. ಗಂಟನ್ನು ನೆಲದ ಹತ್ತಿರವೇ ಎಳೆಯಿರಿ, ಎತ್ತರಕ್ಕೆ ಹಾರಿಸಬೇಡಿ. ಎಲುಬು ಇನ್ನೂ ಬಲಿಯದ, ವರ್ಷ ತುಂಬದ ಮರಿಗಂತೂ ಈ ಆಟವೇ ಬೇಡ. ಆಡುವ ನಾಯಿಗೆ ಆಗಾಗ ಗಂಟನ್ನು ಹಿಡಿಯಲು ಬಿಡಬೇಕು. ಹಿಡಿದ ಮೇಲೆ "ಬಿಡು", ಬಿಟ್ಟರೆ ಮತ್ತೆ ಆಟ. ಇದೇ ಅದರ ಸಂಬಳ. ಲೇಸರ್ ಲೈಟ್ ತೋರಿಸಿ ಆಡಿಸುವವರಿದ್ದಾರೆ, ನನಗೆ ಸರಿಬರುವುದಿಲ್ಲ. ಹಿಡಿಯಲು ಏನೂ ಸಿಗದೆ, ಕೊನೆಗೆ ಗೋಡೆಯ ಮೇಲಿನ ನೆರಳನ್ನೆಲ್ಲ ಬೆನ್ನಟ್ಟುವ ಚಟ ಹತ್ತುತ್ತದೆ. ಊಟವಾದ ಒಂದು ತಾಸಿನೊಳಗೆ ಯಾವ ಓಟವೂ ಬೇಡ. ಎದೆ ಆಳವಿರುವ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ, ತಿರುಚಿಕೊಂಡು ಪ್ರಾಣಕ್ಕೇ ಬರಬಹುದು.

ಪುಣೆಯ ವೇತಾಳ ಟೇಕಡಿಗೋ ತಳಜಾಯಿ ಗುಡ್ಡಕ್ಕೋ ಕರೆದುಕೊಂಡು ಹೋದರೆ ಸರಸರ ಎಳೆದುಕೊಂಡು ಹೋಗಬೇಡಿ. ಪ್ರತಿ ಪೊದೆ ಮೂಸಲಿ. ಅಲ್ಲಿ ನವಿಲುಗಳಿವೆ, ಬೆಲ್ಟು ಬಿಚ್ಚಬೇಡಿ, ಬೇಕಿದ್ದರೆ ಉದ್ದ ಹಗ್ಗ ಕಟ್ಟಿ. ಏಪ್ರಿಲ್, ಮೇನಲ್ಲಿ ಬೆಳಗಿನ ಏಳರೊಳಗೆ ಮನೆ ಸೇರಿ. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ಅದರ ಪಾದಕ್ಕೂ ಆಗದು. ಮಳೆಗಾಲದಲ್ಲಿ ನಿಂತ ನೀರಿಗೆ ಇಳಿಸಬೇಡಿ. ಇಲಿ ಮೂತ್ರದಿಂದ ಬರುವ ಲೆಪ್ಟೊ ಜ್ವರ ನಾಯಿಗೂ ಬರುತ್ತದೆ, ನಮಗೂ.

ಸುಮ್ಮನೆ ಕೂರುವುದೂ ಕಲಿಸುವ ವಿದ್ಯೆಯೇ. ಅಡುಗೆಮನೆ ಬಾಗಿಲಲ್ಲಿ ಒಂದು ಚಾಪೆ ಹಾಕಿ. ಅದರ ಮೇಲೆ ಮಲಗಿದಾಗೆಲ್ಲ ಮಾತಾಡದೆ ಒಂದು ಚೂರು ಹಾಕಿ. ಮೊದಲು ಒಗ್ಗರಣೆ ಹಾಕುವಷ್ಟು ಹೊತ್ತು, ಆಮೇಲೆ ಚಪಾತಿ ಮುಗಿಯುವವರೆಗೆ. ಮಾತು ಮನೆಯವರಿಗೆಲ್ಲ ಒಂದೇ ಇರಲಿ. ನೀವು "ಮಲಕ್ಕೋ", ಮಗ "ಡೌನ್", ಕೆಲಸದ ಮಾವಶಿ ಇನ್ನೇನೋ ಅಂದರೆ ಪಾಪ, ಅದು ಯಾರ ಮಾತು ಕೇಳಬೇಕು? ಗಣೇಶ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಢೋಲ್ ತಾಷಾ ತಾಲೀಮು ಶುರುವಾಗುತ್ತದಲ್ವಾ, ಅದಕ್ಕೂ ಈ ಚಾಪೆಯೇ ಆಸರೆ. ಬೇಸಿಗೆಯಲ್ಲೇ ಮೊಬೈಲಿನಲ್ಲಿ ಢೋಲಿನ ಸದ್ದು ತೀರಾ ಸಣ್ಣಗೆ ಹಾಕಿ, ಚಾಪೆಯ ಮೇಲೆ ತಿಂಡಿ ಕೊಡುತ್ತಾ ಬನ್ನಿ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಕಿವಿ ಹಿಂದಕ್ಕೆ ಮಡಚಿದರೆ ಸದ್ದು ಇಳಿಸಿ.

ದಿನಾ ಕುಣಿಯುವ ನಾಯಿ ಇದ್ದಕ್ಕಿದ್ದಂತೆ ಆಟ ಬೇಡ ಅಂದರೆ ಸೋಮಾರಿ ಅಂತ ಬೈಯಬೇಡಿ. ಬೆರಳ ಸಂದು, ಕಿವಿಯೊಳಗೆ ರಕ್ತ ಹೀರುವ ಉಣ್ಣಿ ಇದೆಯಾ ನೋಡಿ. ತುಟಿ ಎತ್ತಿ ವಸಡು ನೋಡಿ. ಬಿಳಿಚಿಕೊಂಡಿದ್ದರೆ ಉಣ್ಣಿ ಜ್ವರವಿರಬಹುದು, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.