ಹಿತ್ತಲಿಗೊಂದು ಮರದ ಗಿರಗಿಟ್ಲೆ: ಮಳೆಗಾಲದಲ್ಲೂ ನಿಲ್ಲದ ಹಾಗೆ ಮಾಡುವುದು

ಜಾತ್ರೆಯಲ್ಲಿ ಕಡ್ಡಿಗೆ ಸಿಕ್ಕಿಸಿ ಮಾರುವ ಬಣ್ಣದ ಕಾಗದದ ಗಿರಗಿಟ್ಲೆ ಗೊತ್ತಲ್ವಾ? ಅದನ್ನೇ ಮರದಲ್ಲಿ, ಎರಡಡಿಗೆ ಸ್ವಲ್ಪ ಕಮ್ಮಿ ಅಗಲಕ್ಕೆ ಮಾಡಿ ಹಿತ್ತಲಿನಲ್ಲಿ ನಿಲ್ಲಿಸೋಣ. ಆರು ರೆಕ್ಕೆ, ಹಿಂದೊಂದು ಬಾಲ, ಗಾಳಿ ಯಾವ ಕಡೆಯಿಂದ ಬಂದರೂ ತಾನೇ ಆ ಕಡೆ ಮುಖ ಮಾಡುತ್ತದೆ. ಎರಡು ಭಾನುವಾರದ ಕೆಲಸ.

ಮೊದಲು ನಾನು ಕೆಡಿಸಿದ ಕಥೆ. ನನ್ನ ಮೊದಲ ಗಿರಗಿಟ್ಲೆ ಹಣ್ಣಿನ ಪೆಟ್ಟಿಗೆಯ ಮಾವಿನ ಹಲಗೆಯದು, ನಡುವೆ ತೂತು ಮಾಡಿ ದಪ್ಪ ಮೊಳೆ ಹೊಡೆದಿದ್ದೆ, ಅಷ್ಟೇ. ಮೇ ತಿಂಗಳ ಗಾಳಿಗೆ ಚೆನ್ನಾಗಿಯೇ ತಿರುಗಿತು, ನೋಡಿದವರೆಲ್ಲ ಹೊಗಳಿದರು. ಜೂನಿನಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು, ಮರ ನೀರು ಕುಡಿದು ಉಬ್ಬಿತು, ತೂತು ಬಿಗಿಯಾಗಿ ಮೊಳೆಯನ್ನು ಕಚ್ಚಿ ಹಿಡಿಯಿತು. ಆಷಾಢದ ಗಾಳಿಗೆ ತೆಂಗಿನ ಗರಿ ಮುರಿದು ಬೀಳುತ್ತಿದೆ, ನನ್ನ ಗಿರಗಿಟ್ಲೆ ಮಾತ್ರ ಗರುಡಗಂಬದ ಹಾಗೆ ನಿಂತಿದೆ! ವರ್ಷದಲ್ಲಿ ಗಾಳಿ ಜಾಸ್ತಿ ಇರುವ ತಿಂಗಳುಗಳಲ್ಲೇ ನಿಂತುಹೋದರೆ ಅದೆಂಥ ಗಿರಗಿಟ್ಲೆ? ಆಮೇಲೆ ಮಾಡಿದ್ದೆಲ್ಲ ಒಂದೇ ಲೆಕ್ಕದಲ್ಲಿ: ತಿರುಗುವ ಜಾಗದಲ್ಲಿ ಮರ ಏನನ್ನೂ ಉಜ್ಜಬಾರದು. ಅಲ್ಲೆಲ್ಲ ಬೇರಿಂಗ್, ಅಂದರೆ ಒಳಗೆ ಸಣ್ಣ ಗುಂಡುಗಳಿದ್ದು ನುಣ್ಣಗೆ ತಿರುಗುವ ಸ್ಟೀಲ್ ಬಳೆ.

ಬೇರಿಂಗ್ ಅಂದರೆ ಹೆದರಬೇಡಿ. ಅಂಗಡಿಯಲ್ಲಿ 608 ಅಂತ ಕೇಳಿ, ರೋಲರ್ ಸ್ಕೇಟಿನ ಗಾಲಿಯಲ್ಲಿ ಇರುವುದೇ ಅದು. ಒಳತೂತು 8 ಎಂಎಂ, ಹೊರಗಿನ ಅಗಲ 22 ಎಂಎಂ, ದಪ್ಪ 7 ಎಂಎಂ. ಅದರಲ್ಲಿ ಎರಡು ಥರ ಸಿಗುತ್ತದೆ. ಝಡ್‌ಝಡ್ ಅಂದರೆ ಪಕ್ಕದಲ್ಲಿ ತಗಡಿನ ಮುಚ್ಚಳ, 2ಆರ್‌ಎಸ್ ಅಂದರೆ ರಬ್ಬರ್ ಮುಚ್ಚಳ. ನಮಗೆ ರಬ್ಬರಿನದು ಬೇಕು, ನೀರು ಒಳಗೆ ಹೋಗುವುದು ಕಮ್ಮಿ. ಒಟ್ಟು ನಾಲ್ಕು ತೆಗೆದುಕೊಳ್ಳಿ.

ಮರದ ವಿಷಯಕ್ಕೆ ಬಂದರೆ, ಹೊಸದು ಕೊಳ್ಳಲೇಬೇಡಿ. ಬಾಗಿಲು ಕಿಟಕಿ ಮಾಡುವ ಆಚಾರಿಯವರ ಹತ್ತಿರ ಹೋಗಿ ಕೇಳಿದರೆ ತೇಗದ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ, ಟೀಗೆ ಕಾಸು ಕೊಟ್ಟರೂ ಆದೀತು. ತೇಗದಲ್ಲಿ ಎಣ್ಣೆ ಇರುವುದರಿಂದ ಮಳೆಗೆ ಬೇಗ ಹಾಳಾಗುವುದಿಲ್ಲ. ಹಲಸೂ ಒಳ್ಳೆಯದೇ. ಕಾಫಿ ಸೀಮೆಯಲ್ಲಿ ಇರುವವರಿಗೆ ಸಿಲ್ವರ್ ಓಕ್ ಸುಲಭಕ್ಕೆ ಸಿಗುತ್ತದೆ, ಹಗುರ ಕೂಡ, ಆದರೆ ಬಣ್ಣ ಬಳಿಯದೆ ಬಿಟ್ಟರೆ ಹುಳ ಹಿಡಿಯುತ್ತದೆ. ರೆಕ್ಕೆಗೆ ನಾನು ಗಟ್ಟಿ ಮರ ಹಾಕುವುದಿಲ್ಲ, 6 ಎಂಎಂ ಮೆರೀನ್ ಪ್ಲೈವುಡ್ ಹಾಕುತ್ತೇನೆ, ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ ನೋಡಿ. ಮರದ ಪುಡಿ ಒತ್ತಿ ಮಾಡುವ ಎಂಡಿಎಫ್ ಹಲಗೆಯ ಹತ್ತಿರ ಸುಳಿಯಬೇಡಿ, ಒಂದು ಮಳೆಗೆ ನೆನೆದ ರಸ್ಕಿನ ಹಾಗೆ ಆಗಿಬಿಡುತ್ತದೆ.

ಈಗ ನಡುವಿನ ಗುಂಬ. ಎತ್ತಿನಗಾಡಿ ಚಕ್ರಕ್ಕೆ ಇರುತ್ತಲ್ಲ, ಅದೇ ಕೆಲಸ, ರೆಕ್ಕೆಗಳೆಲ್ಲ ಬಂದು ಕೂರುವ ಜಾಗ. ಇಡೀ ಗಿರಗಿಟ್ಲೆಯಲ್ಲಿ ತಲೆ ಓಡಿಸಬೇಕಾಗಿರುವುದು ಇಲ್ಲಿ ಮಾತ್ರ, ಹಾಗಾಗಿ ನಿಧಾನ ಮಾಡಿ. 2 ಸೆಂ.ಮೀ. ದಪ್ಪದ, 12 ಸೆಂ.ಮೀ. ಚೌಕದ ಎರಡು ತೇಗದ ತುಂಡು ತೆಗೆದುಕೊಂಡು, ಒಂದರ ನಾರು ಇನ್ನೊಂದಕ್ಕೆ ಅಡ್ಡ ಬರುವ ಹಾಗೆ ಅಂಟಿಸಿ. ಹೀಗೆ ಮಾಡಿದರೆ ಸೀಳುವುದಿಲ್ಲ. ಅಂಟು ಮಾತ್ರ ನೀರು ತಡೆಯುವಂಥದ್ದೇ ಇರಲಿ, ಫೆವಿಕಾಲ್ ಮೆರೀನ್ ಅಥವಾ ಎರಡು ಟ್ಯೂಬು ಕಲಸುವ ಅರಾಲ್ಡೈಟ್. ಮಾಮೂಲಿ ಬಿಳಿ ಅಂಟು ಮಳೆಗಾಲದಲ್ಲಿ ಬಿಟ್ಟುಕೊಳ್ಳುತ್ತದೆ.

ಒಂದು ರಾತ್ರಿ ಒಣಗಿದ ಮೇಲೆ, ತುಂಡು ಇನ್ನೂ ಚೌಕವಾಗಿ ಇರುವಾಗಲೇ ನಡುವಿನ ತೂತು ಮಾಡಿಕೊಳ್ಳಿ. ಆಮೇಲೆ ಆರು ಮೂಲೆ ಕತ್ತರಿಸಿಬಿಟ್ಟರೆ ಕ್ಲಾಂಪಿನಲ್ಲಿ ಸರಿಯಾಗಿ ಹಿಡಿಯಲು ಬರುವುದಿಲ್ಲ. ಅದಕ್ಕೂ ಮೊದಲು ಕೈವಾರದಲ್ಲಿ ನಡುವಿನಿಂದ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದಿಟ್ಟುಕೊಳ್ಳಿ, ತೂತಾದ ಮೇಲೆ ಕೈವಾರದ ಮುಳ್ಳು ಊರಲು ಜಾಗ ಇರುವುದಿಲ್ಲ. ಆಮೇಲೆ 3 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಆರಪಾರ ಸಣ್ಣ ತೂತು. ಅದೇ ತೂತನ್ನು ಗುರಿ ಇಟ್ಟುಕೊಂಡು ಮುಂದಿನಿಂದ ಒಂದು, ಹಿಂದಿನಿಂದ ಒಂದು, 22 ಎಂಎಂ ಫ್ಲಾಟ್ ಬಿಟ್ಟಿನಲ್ಲಿ 7 ಎಂಎಂ ಆಳದ ಗುಳಿ. ಕೊನೆಗೆ ನಡುವೆ ಉಳಿದಿದ್ದನ್ನು 16 ಎಂಎಂ ಬಿಟ್ಟಿನಲ್ಲಿ ಕೊರೆದುಬಿಡಿ, ಬೇರಿಂಗಿನ ಒಳಬಳೆಗೆ ಮರ ತಾಗಬಾರದು. ಎರಡು ಗುಳಿಗೆ ಎರಡು ಬೇರಿಂಗ್ ಬಿಗಿಯಾಗಿ ಕೂರಬೇಕು. ಈಗಲೇ ಕೂರಿಸಬೇಡಿ, ಬಣ್ಣ ಆದ ಮೇಲೆ.

ಈಗ ಮೊದಲೇ ಎಳೆದಿಟ್ಟ ವೃತ್ತಕ್ಕೆ ಬನ್ನಿ, ಕೈವಾರ ಅದೇ 5 ಸೆಂ.ಮೀ.ಗೆ ಇರಲಿ. ಕೈವಾರವನ್ನು ಅಲುಗಾಡಿಸದೆ, ಅದೇ ಅಳತೆಯಲ್ಲಿ ವೃತ್ತದ ಮೇಲೆ ಒಂದರ ಪಕ್ಕ ಒಂದು ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಗುರುತಿಗೆ ಶುರುವಿನ ಜಾಗಕ್ಕೇ ಬಂದು ನಿಲ್ಲುತ್ತೀರಿ. ಶಾಲೆಯಲ್ಲಿ ಹೂವು ಬಿಡಿಸುತ್ತಿದ್ದೆವಲ್ಲ, ಅದೇ. ಗುರುತುಗಳನ್ನು ಸೇರಿಸಿ ಗರಗಸದಲ್ಲಿ ಕುಯ್ದರೆ ಆರು ಮೂಲೆಯ ಗುಂಬ ಸಿಕ್ಕಿತು.

ಪ್ರತಿ ಪಕ್ಕವೂ 5 ಸೆಂ.ಮೀ. ಉದ್ದ, 4 ಸೆಂ.ಮೀ. ದಪ್ಪ. ಆ ಪಕ್ಕದ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಗೆರೆ ಎಳೆಯಿರಿ. ಕೋನಮಾಪಕ ಬೇಕಾಗಿಲ್ಲ, ಈ ಅಳತೆಗೆ ಆ ಗೆರೆ ತಾನಾಗಿ 39 ಡಿಗ್ರಿ ಹತ್ತಿರ ಬರುತ್ತದೆ, ಸಣ್ಣ ಗಾಳಿಗೂ ತಿರುಗಲು ಶುರು ಮಾಡುವ ಓರೆ ಅದು. ಆರೂ ಗೆರೆ ಒಂದೇ ದಿಕ್ಕಿಗೆ ಇರಬೇಕು: ಗುಂಬವನ್ನು ಮುಂದಿನ ಮುಖ ಮೇಲೆ ಮಾಡಿ ಇಟ್ಟು, ಪ್ರತಿ ಪಕ್ಕವನ್ನೂ ನಿಮ್ಮ ಎದುರಿಗೆ ತಿರುಗಿಸಿಕೊಂಡು, ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ. ಒಂದು ಸಲ ಫೋನಿನಲ್ಲಿ ಮಾತಾಡುತ್ತಾ ಗೆರೆ ಎಳೆದು ಒಂದನ್ನು ಉಲ್ಟಾ ಮಾಡಿದ್ದೆ. ಐದು ರೆಕ್ಕೆ ಮುಂದಕ್ಕೆ ಎಳೆಯುತ್ತಿವೆ, ಆರನೆಯದು ಹಿಂದಕ್ಕೆ. ಮನೆಯಲ್ಲಿ ಒಬ್ಬರಿಗೆ ಅದರಲ್ಲಿ ನಮ್ಮ ಕುಟುಂಬವೇ ಕಂಡಿತಂತೆ.

ಗೆರೆಯ ಅಕ್ಕಪಕ್ಕ 3 ಎಂಎಂ ಬಿಟ್ಟು ಎರಡು ಸಲ ಗರಗಸ ಆಡಿಸಿ, 2 ಸೆಂ.ಮೀ. ಆಳಕ್ಕೆ. ನಡುವೆ ಉಳಿದ ಮರವನ್ನು ಸಣ್ಣ ಉಳಿಯಲ್ಲಿ ಎಬ್ಬಿಸಿ ತೆಗೆಯಿರಿ. ಪ್ಲೈವುಡ್ ತುಂಡನ್ನು ಆಗಾಗ ಸಿಕ್ಕಿಸಿ ನೋಡುತ್ತಾ ಹೋಗಿ. ಸಡಿಲ ಆದರೆ ಮತ್ತೆ ಬಿಗಿ ಮಾಡಲು ಬರುವುದಿಲ್ಲ, ಬಿಗಿ ಇದ್ದರೆ ಸ್ಯಾಂಡ್ ಪೇಪರ್ ಇದ್ದೇ ಇದೆ.

ರೆಕ್ಕೆ ಸುಲಭ. 25 ಸೆಂ.ಮೀ. ಉದ್ದ, ಗುಂಬಕ್ಕೆ ಹೋಗುವ ತುದಿ 6 ಸೆಂ.ಮೀ., ಹೊರತುದಿ 9 ಸೆಂ.ಮೀ. ಹೊರತುದಿಯನ್ನು ದುಂಡಗೆ ಮಾಡುತ್ತೀರೋ ಮಾವಿನೆಲೆಯ ಹಾಗೆ ಚೂಪು ಮಾಡುತ್ತೀರೋ ನಿಮ್ಮಿಷ್ಟ. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡು ಅದನ್ನೇ ಆರು ಸಲ ಬಿಡಿಸಿ, ಒಂದು ರೆಕ್ಕೆಯಿಂದ ಇನ್ನೊಂದು ಅಳೆಯಬೇಡಿ, ಆರನೆಯದು ಬರುವಷ್ಟರಲ್ಲಿ ಅರ್ಧ ಸೆಂಟಿಮೀಟರ್ ದೊಡ್ಡದಾಗಿರುತ್ತದೆ. ಕುಯ್ದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ, ಭಾರ ಇರುವುದನ್ನು ಉಜ್ಜಿ ಉಜ್ಜಿ ಹಗುರಾದದ್ದಕ್ಕೆ ಸರಿ ಮಾಡಿ. ಅಂಟು ಹಾಕಿ ಗುಂಬಕ್ಕೆ ಸಿಕ್ಕಿಸಿ, ಮುಂದಿನಿಂದ ಒಂದೊಂದು ಸಣ್ಣ ಸ್ಕ್ರೂ ಕೊಡಿ. ಮೊದಲು ಸಣ್ಣ ತೂತು ಕೊರೆದುಕೊಂಡೇ ಸ್ಕ್ರೂ, ಇಲ್ಲದಿದ್ದರೆ ಇಷ್ಟು ಹೊತ್ತು ಮಾಡಿದ ಗುಂಬ ಟಪ್ ಅಂತ ಬಿರುಕು ಬಿಡುತ್ತದೆ.

ಬಣ್ಣಕ್ಕೆ ಬೇರೆ ಬೇರೆ ದಾರಿ ಇದೆ. ನಾನು ಒಂದು ಕೋಟು ವುಡ್ ಪ್ರೈಮರ್, ಮೇಲೆ ಎರಡು ಕೋಟು ಎನಾಮಲ್ ಕೊಡುತ್ತೇನೆ. ಪ್ಲೈವುಡ್ಡಿನ ಅಂಚಿಗೆ ಮೂರು ಕೋಟು, ನೀರು ನುಗ್ಗುವುದೇ ಅಲ್ಲಿಂದ. ಒಂದು ಬಿಟ್ಟು ಒಂದು ರೆಕ್ಕೆಗೆ ಅರಿಶಿನ ಕುಂಕುಮದ ಬಣ್ಣ ಕೊಟ್ಟರೆ ನಿಂತಾಗ ನಮ್ಮ ಬಾವುಟ, ಜೋರಾಗಿ ತಿರುಗುವಾಗ ಎರಡೂ ಬೆರೆತು ಕಿತ್ತಳೆ ಬಣ್ಣದ ತಟ್ಟೆ! ಮರದ ಬಣ್ಣವೇ ಇರಲಿ ಅನ್ನುವವರು ಅಗಸೆ ಎಣ್ಣೆ ಹಚ್ಚಬಹುದು, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವುದೂ ಉಂಟು, ಹೊರಗಡೆ ಬಿಡಿಸಿ ಒಣಗಿಸಿ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಹಾಕಬಹುದು, ಹುಳ ಮುಟ್ಟುವುದಿಲ್ಲ, ಆದರೆ ಮರ ಕಪ್ಪಗಾಗುತ್ತದೆ, ಕೈಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಲೇಬಾರದು.

ಬಣ್ಣ ಒಣಗಿತು, ಬೇರಿಂಗ್ ಕೂರಿಸಿದಿರಿ. ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ: ಸಮತೂಕ. ನಡುವೆ 8 ಎಂಎಂ ಬೋಲ್ಟ್ ತೂರಿಸಿ ಕೈಯಲ್ಲಿ ಅಡ್ಡ ಹಿಡಿದು ಮೆಲ್ಲಗೆ ತಿರುಗಿಸಿ. ನಿಂತಾಗ ಕೆಳಗೆ ಯಾವ ರೆಕ್ಕೆ ಇದೆ ನೋಡಿ. ನಾಲ್ಕೈದು ಸಲ ತಿರುಗಿಸಿದರೂ ಅದೇ ರೆಕ್ಕೆ ಕೆಳಗೆ ಬರುತ್ತಿದ್ದರೆ ಅದು ಭಾರ. ಎದುರಿನ ರೆಕ್ಕೆಯ ಹಿಂದೆ ಒಂದು ಸಣ್ಣ ಸ್ಕ್ರೂ ಹಾಕಿ ಮತ್ತೆ ನೋಡಿ. ಎಲ್ಲಿ ಬೇಕಾದರೂ ನಿಲ್ಲುವ ಹಾಗಾದರೆ ಸರಿ. ಇದನ್ನು ಮಾಡದಿದ್ದರೆ ಮೆಲ್ಲಗಿನ ಗಾಳಿಗೆ ತಿರುಗುವುದಿಲ್ಲ, ಜೋರು ಗಾಳಿಗೆ ಕಂಬ ಸಮೇತ ನಡುಗುತ್ತದೆ.

ಹಿಂದಿನ ದಂಡ 60 ಸೆಂ.ಮೀ. ಉದ್ದದ, 4 ಸೆಂ.ಮೀ. ಚೌಕದ ಪಟ್ಟಿ. ಅದರ ಮುಂದಿನ ತುದಿಯ ಮೇಲೆ 3 ಸೆಂ.ಮೀ. ದಪ್ಪ, 6 ಸೆಂ.ಮೀ. ಎತ್ತರದ ಒಂದು ತುಂಡನ್ನು ಅಂಟಿಸಿ ಕೆಳಗಿನಿಂದ ಎರಡು ಸ್ಕ್ರೂ ಹಾಕಿ. 12 ಸೆಂ.ಮೀ. ಉದ್ದದ, ಪೂರ್ತಿ ಮರೆ (ಥ್ರೆಡ್) ಇರುವ 8 ಎಂಎಂ ಸ್ಟೀಲ್ ಬೋಲ್ಟ್ ಆ ತುಂಡಿನ ಮೂಲಕ ಹೋಗುತ್ತದೆ, ಅದೇ ಅಚ್ಚು. ಬೋಲ್ಟಿನ ತಲೆ, ಸಣ್ಣ ವಾಷರ್, ಗಿರಗಿಟ್ಲೆ, ಸಣ್ಣ ವಾಷರ್, ಒಂದರ ಮೇಲೊಂದು ಎರಡು ನಟ್ಟು, ಆಮೇಲೆ ಮರದ ತುಂಡು, ಹಿಂದೆ ಮತ್ತೆ ವಾಷರ್ ಮತ್ತು ನಟ್ಟು. ವಾಷರ್ ಬೇರಿಂಗಿನ ಒಳಬಳೆಗೆ ಮಾತ್ರ ತಾಗುವಷ್ಟು ಚಿಕ್ಕದಿರಲಿ. ಮೊದಲ ನಟ್ಟನ್ನು ಬಿಗಿದು ಕೂರಿಸಬೇಡಿ, ಕೂದಲೆಳೆಯಷ್ಟು ಸಡಿಲ ಬಿಟ್ಟು ಎರಡನೆಯದನ್ನು ಅದಕ್ಕೆ ಒತ್ತಿ ಬಿಗಿಯಿರಿ. ಪೂರ್ತಿ ಬಿಗಿದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ.

ಹಿಂದಿನ ತುದಿಗೆ ಗರಗಸದಲ್ಲಿ ಸೀಳು ಮಾಡಿ 25 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರದ ಪ್ಲೈವುಡ್ ಬಾಲ ಸಿಕ್ಕಿಸಿ. ಮೀನು, ನವಿಲು, ಎಮ್ಮೆ, ಏನು ಬೇಕಾದರೂ ಕತ್ತರಿಸಿ. ಎಲ್ಲ ಜೋಡಿಸಿದ ಮೇಲೆ ದಂಡವನ್ನು ಒಂದು ಸ್ಕೇಲಿನ ಅಂಚಿನ ಮೇಲೆ ಇಟ್ಟು ಯಾವ ಕಡೆಗೂ ವಾಲದ ಜಾಗ ಹುಡುಕಿ. ಗಿರಗಿಟ್ಲೆ ಭಾರ ಇರುವುದರಿಂದ ಆ ಜಾಗ ಮುಂದಕ್ಕೇ ಸಿಗುತ್ತದೆ, ಬಾಲದ ಕಡೆ ದಂಡ ಉದ್ದ ಉಳಿಯುತ್ತದೆ. ನಮಗೆ ಬೇಕಾದ್ದೂ ಅದೇ, ಗಾಳಿ ಉದ್ದದ ಕಡೆಯನ್ನು ತಳ್ಳಿ ಹಿಂದಕ್ಕೆ ಹಾಕುತ್ತದೆ, ಮುಖ ಗಾಳಿಗೆ ಬರುತ್ತದೆ. ಅಲ್ಲಿ ಮೇಲಿನಿಂದ ಕೆಳಕ್ಕೆ, ಗುಂಬಕ್ಕೆ ಮಾಡಿದ ಹಾಗೆಯೇ, ಉಳಿದ ಎರಡು ಬೇರಿಂಗ್.

ಕಂಬಕ್ಕೆ ಒಂದಿಂಚಿನ ಜಿಐ ಪೈಪ್ ಸಾಕು. ವೆಲ್ಡಿಂಗ್ ಅಂಗಡಿಯಲ್ಲಿ ಅದರ ತುದಿಗೆ 8 ಎಂಎಂ ಬೋಲ್ಟ್ ನೆಟ್ಟಗೆ ನಿಲ್ಲಿಸಿ ಬೆಸೆಸಿಕೊಳ್ಳಿ. ಬುಡದಲ್ಲಿ ಸಣ್ಣ ವಾಷರ್ ಇಟ್ಟು ದಂಡವನ್ನು ಮೇಲಿನಿಂದ ಇಳಿಸಿ, ತುದಿಗೆ ನೈಲಾಕ್ ನಟ್ಟು ಹಾಕಿ, ಒಳಗೆ ನೈಲಾನ್ ಬಳೆ ಇರುವುದರಿಂದ ಅದು ತಾನಾಗಿ ಸಡಿಲ ಆಗುವುದಿಲ್ಲ. ಅದಿಲ್ಲದಿದ್ದರೆ ಬಿರುಗಾಳಿಗೆ ಎದ್ದು ಪಕ್ಕದ ಮನೆ ಹೆಂಚಿನ ಮೇಲೆ ಹೋಗಿ ಬೀಳುತ್ತದೆ. ಪೈಪನ್ನು ಎರಡಡಿ ಆಳ ಹೂತು ಸುತ್ತ ಕಲ್ಲು ಜಡಿದು ಕಾಂಕ್ರೀಟ್ ಹಾಕಿ. ರೆಕ್ಕೆಯ ಕೆಳತುದಿ ದೊಡ್ಡವರ ತಲೆಗಿಂತಲೂ ಮೇಲಿರಲಿ.

ಜಾಗ ಆರಿಸುವಾಗ ಗೋಡೆಗೆ, ದೊಡ್ಡ ಮರಕ್ಕೆ ಹತ್ತಿರ ಬೇಡ. ಅಲ್ಲಿ ಗಾಳಿ ಸುಳಿಯಾಗಿ ಸುತ್ತುತ್ತದೆ, ಗಿರಗಿಟ್ಲೆ ಯಾವ ಕಡೆ ಮುಖ ಮಾಡಬೇಕೋ ತಿಳಿಯದೆ ದೆವ್ವ ಹಿಡಿದ ಹಾಗೆ ಆಡುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಡುವಣದಿಂದ, ನೈಋತ್ಯದಿಂದ ಬರುತ್ತದೆ, ಆ ಕಡೆ ಬಯಲು ಇದ್ದರೆ ಒಳ್ಳೆಯದು. ಕಂಡುಹಿಡಿಯಲು ಒಂದು ಉದ್ದ ಕೋಲಿಗೆ ರಿಬ್ಬನ್ ಕಟ್ಟಿ ಎರಡು ದಿನ ನಿಲ್ಲಿಸಿ ನೋಡಿ. ರಿಬ್ಬನ್ ಒಂದೇ ಕಡೆ ಹಾರಿದರೆ ಅಲ್ಲೇ ಗುಂಡಿ ತೆಗೆಯಿರಿ, ಸುತ್ತಿ ಸುತ್ತಿ ಗಂಟಾದರೆ ಜಾಗ ಬದಲಿಸಿ.

ಹೊಲದಲ್ಲಿ ಹಕ್ಕಿ ಓಡಿಸಲು ಬೇಕಿದ್ದವರು ಗುಂಬದ ಹಿಂದೆ ಸಣ್ಣ ಸರಪಳಿ ಕಟ್ಟಿ, ತಿರುಗುವಾಗ ಅದು ಹಳೇ ಸ್ಟೀಲ್ ತಟ್ಟೆಗೆ ಬಡಿಯುವ ಹಾಗೆ ಮಾಡಬಹುದು. ಮನೆ ಹಿತ್ತಲಲ್ಲಿ ಮಾತ್ರ ಬೇಡ. ಗಾಳಿ ರಾತ್ರಿ ಎರಡು ಗಂಟೆಗೂ ಬೀಸುತ್ತದೆ.