ಆರ್ಕಿಡ್‌ಗೆ ನೀರು ಹಾಕುವ ಮುಂಚೆ ಬೇರು ನೋಡಿ

ಹೊಸದಾಗಿ ಆರ್ಕಿಡ್ ಬೆಳೆಸುವವರಿಗೆ ಫೆಲನಾಪ್ಸಿಸ್ ಎಂಬ ಬಗೆ ಒಳ್ಳೆಯದು. ಮನೆಯೊಳಗಿನ ಬೆಳಕು ಅದಕ್ಕೆ ಸಾಕು, ಹೂವು ಎರಡು-ಮೂರು ತಿಂಗಳು ನಿಲ್ಲುತ್ತದೆ. ನಾನು ಈ ಗಿಡವನ್ನು ಯಾವಾಗಲೂ ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲೇ ಇಡುತ್ತೇನೆ. ಕುಂಡದ ತಳದಲ್ಲೂ ಪಕ್ಕದಲ್ಲೂ ತೂತು ಇರಬೇಕು. ಬೇರು ಕಣ್ಣಿಗೆ ಕಂಡರೆ ಅರ್ಧ ಕೆಲಸ ಸುಲಭವಾಗುತ್ತದೆ.

ಫೆಲನಾಪ್ಸಿಸ್ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಗಿಡ. ಅದರ ಬೇರಿನ ಸುತ್ತ ವೆಲಮೆನ್ ಎಂಬ ದಪ್ಪ ಪದರ ಇರುತ್ತದೆ. ಒಣಗಿದಾಗ ಅದರ ಕೋಶಗಳಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಯಂತೆ ಬಿಳಿಚಿಕೊಳ್ಳುತ್ತದೆ. ನೀರು ಹೀರಿದೊಡನೆ ಒಳಗಿನ ಹಸಿರು ಕಾಣುತ್ತದೆ. ಹಾಗಾಗಿ ವಾರಕ್ಕೆ ಇಷ್ಟು ಸಲ ನೀರು ಎಂಬ ಲೆಕ್ಕ ಬೇಡ. ಕುಂಡದೊಳಗಿನ ಬೇರು ಹಸಿರಿದ್ದರೆ ನೀರು ಬೇಡ, ಬಿಳಿಚಿದ್ದರೆ ಹಾಕಿ. ಬೆಳಿಗ್ಗೆ ಕುಂಡವನ್ನು ಹತ್ತು-ಹದಿನೈದು ನಿಮಿಷ ನೀರಿನಲ್ಲಿಟ್ಟು, ಎತ್ತಿ ಪೂರ್ತಿ ಬಸಿಯಲು ಬಿಡುತ್ತೇನೆ. ಒಂದೇ ನೀರಿನಲ್ಲಿ ಹಲವು ಗಿಡ ಅದ್ದಬಾರದು, ಒಂದರ ರೋಗ ಇನ್ನೊಂದಕ್ಕೆ ಹೋಗುತ್ತದೆ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಅಲ್ಲಿಂದಲೇ ಕೊಳೆಯುತ್ತದೆ. ಟಿಶ್ಯೂ ಕಾಗದದ ತುದಿಯಿಂದ ಒತ್ತಿ ತೆಗೆದುಬಿಡಿ.

ಎಲೆ ಸುಕ್ಕಾಗಿ ಜೋತುಬಿದ್ದರೆ ಎಲ್ಲರ ಕೈಯೂ ನೀರಿನ ಕಡೆಗೇ ಹೋಗುತ್ತದೆ. ಮೊದಲು ಬೇರು ನೋಡಿ. ಕೊಳೆತ ಬೇರೂ ನೀರು ಹೀರುವುದಿಲ್ಲ, ಆಗಲೂ ಎಲೆ ಹೀಗೆಯೇ ಬಾಡುತ್ತದೆ. ಅಂಥ ಗಿಡಕ್ಕೆ ಇನ್ನಷ್ಟು ನೀರು ಹಾಕಿದರೆ ಉಳಿದ ಬೇರೂ ಹೋಗುತ್ತದೆ.

ಕುಂಡ ಬದಲಿಸುವುದು ಒಂದೂವರೆ-ಎರಡು ವರ್ಷಕ್ಕೊಮ್ಮೆ, ಹೂವು ಮುಗಿದ ಮೇಲೆ. ಕುಂಡದಲ್ಲಿ ಮಣ್ಣಿನ ಬದಲು ತುಂಬಿದ ಮರದ ತೊಗಟೆ ಅಷ್ಟರಲ್ಲಿ ಕೊಳೆತು ಪುಡಿಯಾಗಿ, ಗಾಳಿಯಾಡುವ ಸಂದುಗಳು ಮುಚ್ಚಿರುತ್ತವೆ. ನನ್ನ ಮಿಶ್ರಣ: ಒಂದರಿಂದ ಎರಡು ಸೆಂ.ಮೀ. ಗಾತ್ರದ ಪೈನ್ ತೊಗಟೆ ಐದು ಪಾಲು, ಇದ್ದಿಲು ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಒಂದು ಪಾಲು. ತೊಗಟೆಯನ್ನು ಹಿಂದಿನ ರಾತ್ರಿಯೇ ನೆನೆಸಿಡಬೇಕು, ಒಣ ತೊಗಟೆ ನೀರನ್ನು ಹಿಡಿಯದೆ ಹಾಗೇ ಹರಿಸಿಬಿಡುತ್ತದೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಿಡವನ್ನು ಹೊರತೆಗೆದು ಒಂದೊಂದೇ ಬೇರನ್ನು ಬೆರಳಲ್ಲಿ ಒತ್ತಿನೋಡಿ: ಗಟ್ಟಿ ಇದ್ದದ್ದು ಜೀವಂತ, ಅದರ ಬಣ್ಣ ಹಳದಿ ಅಥವಾ ಕಂದು ಇದ್ದರೂ ಸರಿ. ಮೆತ್ತಗಾಗಿ, ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕತ್ತರಿಸಿ. ಕುಂಡ ಬೇರಿನ ಗಾತ್ರಕ್ಕೆ ತಕ್ಕಷ್ಟೇ ಇರಲಿ, ದೊಡ್ಡ ಕುಂಡದ ನಡುಭಾಗ ಒಣಗುವುದೇ ಇಲ್ಲ. ಕೆಳಗಿನ ಎಲೆಯ ಬುಡ ತೊಗಟೆಯ ಮಟ್ಟದಲ್ಲಿರಬೇಕು, ಹೂತುಹೋಗಬಾರದು. ಗಿಡ ಅಲ್ಲಾಡದಂತೆ ಕಡ್ಡಿ ಕಟ್ಟಿ. ಅಲ್ಲಾಡಿದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಬೆಳೆಯುವುದು ನಿಂತುಬಿಡುತ್ತದೆ. ಹೆಚ್ಚು ಬೇರು ಕತ್ತರಿಸಿದ್ದರೆ ಗಾಯ ಒಣಗಲೆಂದು ಮೂರು-ನಾಲ್ಕು ದಿನ ನೀರು ಕೊಡುವುದಿಲ್ಲ.

ಬೆಳಕಿಗೆ ಪೂರ್ವದ ಕಿಟಕಿ ಉತ್ತಮ. ಎಲೆ ಕಡುಹಸಿರಾದರೆ ಬೆಳಕು ಸಾಲದು, ಹೂ ಬರುವುದು ಕಷ್ಟ. ನಡು ಮಧ್ಯಾಹ್ನದ ನೇರ ಬಿಸಿಲಿಗೆ ಎಲೆ ಸುಟ್ಟು ಕಲೆಯಾಗುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಗೊಬ್ಬರ 20-20-20 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವುದು), ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ. ಗಿಡ ಬೆಳೆಯುವ ಕಾಲದಲ್ಲಿ ಮೂರು ಸಲ ಗೊಬ್ಬರದ ನೀರು, ನಾಲ್ಕನೆಯ ಸಲ ಬರೀ ನೀರು ಧಾರಾಳವಾಗಿ ಹರಿಸಿ, ಉಳಿದ ಉಪ್ಪು ತೊಳೆದುಹೋಗಲಿ. ಉಪ್ಪು ಕಟ್ಟಿದರೆ ಬೇರಿನ ತುದಿ ಕಪ್ಪಾಗುತ್ತದೆ.

ಮತ್ತೆ ಹೂ ಬೇಕೆಂದರೆ ತಂಪು ಬೇಕು. ಕೆಲವು ವಾರ ರಾತ್ರಿಯ ಉಷ್ಣತೆ 16ರಿಂದ 18 ಡಿಗ್ರಿಗೆ ಇಳಿದರೆ ಎಲೆಯ ಬುಡದಿಂದ ಹೂದಂಡು ಹೊರಡುತ್ತದೆ. ಅದರ ತುದಿ ಹೆಬ್ಬೆರಳು ಮಾತ್ರ ಬೇರೆಯಾಗಿರುವ ಕೈಗವಸಿನ ಆಕಾರದಲ್ಲಿರುತ್ತದೆ, ಬೇರಿನ ತುದಿಯಾದರೆ ದುಂಡಗೆ. ಮೊಗ್ಗು ಬಂದ ಮೇಲೆ ಜಾಗ ಬದಲಿಸಬೇಡಿ, ಹಣ್ಣಿನ ಬುಟ್ಟಿಯ ಹತ್ತಿರವೂ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಹಳದಿಯಾಗಿ ಉದುರುತ್ತವೆ.

ಹೂವೆಲ್ಲ ಉದುರಿದಾಗ ದಂಡು ಹಸಿರಿದ್ದು, ಗಿಡದಲ್ಲಿ ನಾಲ್ಕೈದು ಗಟ್ಟಿ ಎಲೆಗಳಿದ್ದರೆ, ಬುಡದಿಂದ ಮೂರನೆಯ ಗೆಣ್ಣಿನ ಮೇಲೆ ಕತ್ತರಿಸುತ್ತೇನೆ. ಅಲ್ಲಿಂದ ಕವಲೊಡೆದು ಮತ್ತೆ ಹೂ ಬರುವುದುಂಟು. ಗಿಡ ಸೊರಗಿದ್ದರೆ ದಂಡನ್ನು ಬುಡಕ್ಕೇ ಕತ್ತರಿಸಿ, ಅದರ ಬಲ ಎಲೆಗೂ ಬೇರಿಗೂ ಹೋಗಲಿ.